ನೀರಿನ ಕಲ್ಲು

ನಮ್ಮೂರಲ್ಲಿ ಕಲ್ಲು ಸಿಗುವುದಿಲ್ಲ. ಮೂರಾಳು ಆಳ ಅಗೆದರೂ ಎರೆಮಣ್ಣೇ. ಹಾಗಾಗಿ ಮನೆ ಕಟ್ಟಬೇಕೆಂದಿರುವವರು ಚುನಾವಣೆ ಬರುವವರೆಗೆ ಕಾಯುತ್ತಾರೆ.

ಪಂಚಾಯ್ತಿ ಕಚೇರಿಯ ಮುಂದೆ ಭಾಷಣದ ಕಟ್ಟೆ ಇದೆ. ಅದರ ಮೇಲೆ ನಿಂತು ಯಾರಾದರೂ ಇಂಥದ್ದನ್ನು ಮಾಡಿಕೊಡುತ್ತೇನೆ ಎಂದರೆ ಮರುದಿನ ಬೆಳಿಗ್ಗೆ ಕಟ್ಟೆಯ ಬುಡದಲ್ಲಿ ಒಂದು ಕಲ್ಲು ಬಿದ್ದಿರುತ್ತದೆ. ಬೀದಿದೀಪದ ಮಾತಿಗೆ ಒಂದು ಮೆಟ್ಟಿಲಿಗಾಗುವಷ್ಟು, ಚರಂಡಿಗೆ ಮೂಲೆಗಲ್ಲಿಗಾಗುವಷ್ಟು, ರಸ್ತೆಗೆ ಉದ್ದನೆಯ ಚಪ್ಪಡಿ. ಸಮಗ್ರ ಅಭಿವೃದ್ಧಿ ಎಂದವರದು ಬರೀ ಜಲ್ಲಿ. ಒಮ್ಮೆ ಆಡಿದ ಮಾತನ್ನೇ ಮತ್ತೆ ಆಡಿದರೆ ಏನೂ ಬೀಳುವುದಿಲ್ಲ. ಆದ್ದರಿಂದ ನಮ್ಮ ಮುಖಂಡರು ಪ್ರತಿ ಸಲವೂ ಹೊಸದನ್ನು ಹುಡುಕಬೇಕಾಗುತ್ತದೆ. ಸಭೆಯಲ್ಲಿ ಜನ ಚಪ್ಪಾಳೆ ತಟ್ಟುವುದಿಲ್ಲ, ಅಳತೆ ಕೇಳುತ್ತಾರೆ. ಕಲ್ಲಿನ ಕೆಲಸದ ದುರುಗಪ್ಪಜ್ಜ ಪ್ರತಿ ಚುನಾವಣೆಯಲ್ಲೂ ಮುಂದಿನ ಸಾಲಿನಲ್ಲಿ ಕೂತು, ಸೇತುವೆಯಾದರೆ ಅದು ಎಷ್ಟು ಗಜ ಅಗಲ ಅನ್ನುವುದನ್ನೂ ಹೇಳಿಬಿಡಿ ಎಂದು ಅಭ್ಯರ್ಥಿಯನ್ನು ಒತ್ತಾಯಿಸುತ್ತಾನೆ. ಆಮೇಲೆ ಹಂಚಿಕೆ. ಸಣ್ಣ ಕಲ್ಲುಗಳಿಗೆ ಚೀಟಿ ಎತ್ತುತ್ತಾರೆ. ದೊಡ್ಡ ಕಲ್ಲುಗಳು ಟ್ರ್ಯಾಕ್ಟರ್ ಇದ್ದವರಿಗೆ ಹೋಗುತ್ತವೆ, ಏಕೆಂದರೆ ಬೇರೆಯವರಿಂದ ಅವನ್ನು ಎತ್ತಲಾಗುವುದಿಲ್ಲ.

ಹೀಗೆ ಮೂರು ತಲೆಮಾರು ಊರು ಬೆಳೆಯಿತು. ಯಾವ ಕಲ್ಲು ಯಾವ ಮಾತಿನದು ಎಂದು ಗುರುತು ಹಾಕಿಡುವುದು ಯಾರಿಗೂ ಹೊಳೆಯಲಿಲ್ಲ. ಗುರುತು ಬೇಕಾಗುವ ದಿನವೊಂದು ಬರಬಹುದು ಎಂದು ನಮ್ಮ ರಾಜಕೀಯವನ್ನು ಬಲ್ಲವರು ಯಾರು ತಾನೇ ಅಂದುಕೊಂಡಾರು? ಗೋಡೆಗೆ ಗಾರೆ ಬಳಿದರು, ವರ್ಷಕ್ಕೊಮ್ಮೆ ಸುಣ್ಣ ಹೊಡೆದರು, ಮರೆತರು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಅಚಾತುರ್ಯ ನಡೆಯಿತು. ಬೇರೆ ಯಾವುದೋ ಊರಿಗೆ ಮಂಜೂರಾದ ಬಸ್ ತಂಗುದಾಣವನ್ನು ಗುತ್ತಿಗೆದಾರ ದಾರಿ ತಪ್ಪಿ ನಮ್ಮೂರಲ್ಲಿ ಕಟ್ಟಿಸಿಬಿಟ್ಟ. ನಮ್ಮವರು ಅದನ್ನು ಕಟ್ಟೆಯ ಮೇಲೆ ಎಂದೋ ಹೇಳಿದ್ದರು. ಮೊದಲ ಬಸ್ಸು ಅಲ್ಲಿ ನಿಂತ ಗಳಿಗೆಯಲ್ಲೇ ಗುರುಪಾದಗೌಡರ ಮನೆಯ ಪಡಸಾಲೆಯ ಕಂಬದ ಕೆಳಗಿನ ಕಲ್ಲು ಮಾಯವಾಯಿತು. ಊಟಕ್ಕೆ ಕೂತಿದ್ದ ಗೌಡರು ತಟ್ಟೆಯೊಂದಿಗೆ ಅಂಗಳಕ್ಕೆ ಓಡಿಬಂದರು. ಅಂದು ಊರಿಗೆ ತಿಳಿಯಿತು: ಮಾತು ನಡೆದರೆ ಕಲ್ಲು ಹೋಗುತ್ತದೆ.

ಗೌಡರು ಬುದ್ಧಿವಂತರು. ಮುಂದಿನ ಚುನಾವಣೆಯಲ್ಲಿ ಅವರು ಊರಿಗೊಂದು ಹಡಗಿನ ಬಂದರನ್ನು ಕಟ್ಟಿಸುವುದಾಗಿ ಹೇಳಿದರು. ಇಲ್ಲಿಂದ ಸಮುದ್ರ ಎಷ್ಟು ದೂರವೋ ನಾನು ಅಳೆದಿಲ್ಲ, ಆದರೆ ಯಾರೂ ಅದನ್ನು ನೋಡಿಲ್ಲ. ಮರುದಿನ ಕಟ್ಟೆಯ ಬುಡದಲ್ಲಿ ಆನೆಯ ಗಾತ್ರದ ಕರಿಕಲ್ಲು ಬಿದ್ದಿತ್ತು. ಅದರ ಹಿಂದೆ ವಿಮಾನ ನಿಲ್ದಾಣದ ಕಲ್ಲು ಬಂತು, ಹಡಗು ಕಾರ್ಖಾನೆಯದು ಬಂತು. ಟ್ರ್ಯಾಕ್ಟರ್ ಇದ್ದದ್ದು ಅವರಿಗೇ. ಅವರ ಹೊಸ ಮನೆ ಇಡಿಯಾಗಿ ಆಗದ ಕೆಲಸಗಳ ಮೇಲೆ ನಿಂತಿದೆ, ಅಲುಗಾಡುವ ಭಯವಿಲ್ಲ. ಉಳಿದವರ ಮನೆಗಳು ದೀಪ, ಚರಂಡಿ, ನೀರು, ಅಂಗನವಾಡಿಯ ಮೇಲೆ ನಿಂತಿದ್ದವು. ಅಂದರೆ, ಯಾರಾದರೂ ಮನಸ್ಸು ಮಾಡಿದರೆ ಆಗಿಬಿಡಬಹುದಾದ ಕೆಲಸಗಳ ಮೇಲೆ. ಯಾರೂ ಮನಸ್ಸು ಮಾಡದಂತೆ ನೋಡಿಕೊಳ್ಳುವುದೇ ನಮ್ಮೂರ ಮತದಾರರ ಹೊಣೆಗಾರಿಕೆಯಾಗಿತ್ತು. ಅದನ್ನು ಅವರು ಚೆನ್ನಾಗಿಯೇ ನಿಭಾಯಿಸಿದರು.

ನಾನು ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಬಿ.ಎ. ಮುಗಿಸಿ ಬಂದಾಗಿನಿಂದ ಪ್ರತಿ ಭಾನುವಾರ ‘ವಾರದ ಮಾತು’ ಎಂಬ ಒಂದು ಹಾಳೆ ಬರೆದು, ನಲವತ್ತು ಝೆರಾಕ್ಸ್ ಪ್ರತಿ ತೆಗೆಸಿ ಹಂಚುತ್ತೇನೆ. ಒಂದನ್ನು ಬಸ್ ತಂಗುದಾಣಕ್ಕೆ ಅಂಟಿಸುತ್ತೇನೆ. ಊರಿನ ಸುದ್ದಿ, ಅದರ ಮೇಲೆ ನಾಲ್ಕು ಸಾಲು ಅಭಿಪ್ರಾಯ. ಮೊದಲ ವರ್ಷ ನೇರವಾಗಿ ಬರೆದ ಒಂದು ವಾಕ್ಯಕ್ಕೆ ನನ್ನ ಗ್ರಂಥಾಲಯದ ಕೆಲಸ ಎಂಟು ತಿಂಗಳು ನಿಂತಿತ್ತು. ಆಮೇಲೆ ನಾನು ಎಚ್ಚರಿಕೆ ಕಲಿತೆ. ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಅಲ್ಲಗಳೆಯುವಂತಿಲ್ಲ’ ಇಲ್ಲದೆ ವಾಕ್ಯ ಮುಗಿಸುವುದನ್ನೇ ಬಿಟ್ಟೆ. ಸೇತುವೆಯ ಬಗ್ಗೆ ಹತ್ತೊಂಬತ್ತು ವರ್ಷ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆದಿದ್ದೇನೆ. ಹಳ್ಳದ ಆ ದಂಡೆಯಲ್ಲಿ ಒಂದು ಬುಟ್ಟಿ ಮರಳೂ ಇರಲಿಲ್ಲ. ಚಹಾದಂಗಡಿಯ ಮಾಬುಸಾಬ ಒಮ್ಮೆ ಗಿರಾಕಿಗಳೆಲ್ಲರ ಮುಂದೆ, “ಕಸ್ತೂರಕ್ಕ, ನಿಮ್ಮ ಹಾಳಿ ಎರಡು ಸಲ ಓದಿದೆ. ಭಾಳ ಚಲೋ ಬರದೀರಿ. ಏನ ಬರದೀರಿ ಅನ್ನೂದಷ್ಟ ತಿಳೀಲಿಲ್ಲ” ಎಂದಿದ್ದ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಕಳೆದ ಸಲ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಗೌಡರು ತಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ, ಮೇಲಿನ ಓಣಿಯ ಬಾಳವ್ವನನ್ನು ನಿಲ್ಲಿಸಿದರು. ಅವಳು ತಲೆ ಎತ್ತಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ, ಅದೇ ಅರ್ಹತೆ. ಕಟ್ಟೆಯ ಮೇಲೆ ಹತ್ತಿಸಿದಾಗ ಅವಳು ಕೈಮುಗಿದು, ನನಗ ಮಾತು ಬರೂದಿಲ್ಲ ಎಂದಷ್ಟೇ ಹೇಳಿ ಇಳಿದಳು. ಮರುದಿನ ಕಟ್ಟೆಯ ಬುಡದಲ್ಲಿ ಒಂದು ಹರಳೂ ಇರಲಿಲ್ಲ. ಕೊಟ್ಟಿಗೆ ಕಟ್ಟಲು ಕಾದಿದ್ದವರು ಗೌಡರ ಮೇಲೆ ಹರಿಹಾಯ್ದರು. ಆದರೂ ಗೌಡರ ಮಾತಿಗೆ ವೋಟು ಹಾಕಿದರು.

ಬಾಳವ್ವ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತ ಮೊದಲ ತಿಂಗಳು ಏನೂ ಮಾಡಲಿಲ್ಲ. ಕಪಾಟಿನಲ್ಲಿದ್ದ ಹಳೆಯ ಕಡತಗಳನ್ನು ಕಾರ್ಯದರ್ಶಿಯಿಂದ ಒಂದೊಂದಾಗಿ ಓದಿಸಿಕೊಂಡಳು. ಎರಡನೆಯ ತಿಂಗಳು ತಾಲ್ಲೂಕು ಕಚೇರಿಗೆ ಹೋಗಿ, ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಳಂತೆ. ಮೂರು ದಿನ ಕೂತಳು. ನಾಲ್ಕನೆಯ ದಿನ ನಮ್ಮ ಬಸ್ ತಂಗುದಾಣದ ಬಳಿ ಬೀದಿದೀಪ ಬಂತು. ಸಂಜೆ ದೀಪ ಹೊತ್ತಿಕೊಂಡಾಗ ಮಾಬುಸಾಬ ಕೈಯಲ್ಲಿ ಆರು ಗ್ಲಾಸು ಹಿಡಿದು ಅಂಗಡಿಯಿಂದ ಇಳಿಯುತ್ತಿದ್ದ. ಮೆಟ್ಟಿಲು ಇರಲಿಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹದಿನೈದು ದಿನ ಕುಂಟಿದ. ಹಾಳೆಯಲ್ಲಿ ನಾನು, ಬೆಳಕಿನ ಬಗ್ಗೆ ಮಿಶ್ರ ಪ್ರತಿಕ್ರಿಯೆ ವ್ಯಕ್ತವಾಗಿದೆ ಎನ್ನಲಾಗಿದೆ ಎಂದು ಬರೆದೆ.

ಆಮೇಲೆ ಚರಂಡಿಯಾಯಿತು. ಮೂರು ಮನೆಗಳ ಮೂಲೆಗಲ್ಲು ಹೋಯಿತು. ಅಂಗನವಾಡಿಗೆ ಸೂರಾಯಿತು, ನಾಲ್ಕು ಕೊಟ್ಟಿಗೆಗಳು ಕುಸಿದು ಎಮ್ಮೆಗಳು ಹೊರಗೆ ಕಟ್ಟಿಸಿಕೊಂಡವು. ಜನ ದೂರು ಬರೆಯಲು ಕಚೇರಿಗೆ ಬಂದರು. ಊರಿನ ಇತಿಹಾಸದಲ್ಲಿ ಮೊದಲ ಬಾರಿಗೆ, ಕೆಲಸ ಆಗುತ್ತಿದೆ ಎಂಬ ದೂರು. ಬಾಳವ್ವ ಎಲ್ಲವನ್ನೂ ಕೇಳಿಸಿಕೊಂಡು, ಮನೆ ಬಿದ್ದವರಲ್ಲಿಗೆ ತಾನೇ ಹೋಗಿ ಮಣ್ಣು ಕಲಸಿಕೊಟ್ಟು ಬರುತ್ತಿದ್ದಳು. ಮರುದಿನ ಮತ್ತೆ ತಾಲ್ಲೂಕಿಗೆ ಹೋಗುತ್ತಿದ್ದಳು.

ಕೊನೆಗೆ ಅವಳು ಮೇಲಿನ ಓಣಿಯ ನೀರಿಗೆ ಕೈಹಾಕಿದಳು. ಆ ಓಣಿಯ ಹೆಂಗಸರು ದಿನಕ್ಕೆ ನಾಲ್ಕು ಸಲ ಹಳ್ಳಕ್ಕಿಳಿದು ಕೊಡ ಹೊತ್ತು ಹತ್ತುತ್ತಿದ್ದರು. ಬಾಳವ್ವನೂ ಅಧ್ಯಕ್ಷೆಯಾದ ಮೇಲೂ ಹತ್ತುತ್ತಿದ್ದಳು. ಅಲ್ಲಿಗೆ ನಲ್ಲಿ ಹಾಕಿಸುವ ಮಾತನ್ನು ಗೌಡರು ಮೀಸೆ ಮೂಡುವ ಕಾಲದಲ್ಲಿ ಆಡಿದ್ದರು, ಬಸ್ ತಂಗುದಾಣಕ್ಕಿಂತ ಮೊದಲು. ಒಳ್ಳೆಯ ಉದ್ದನೆಯ ಕಲ್ಲು ಬಿದ್ದಿತ್ತು ಎಂದು ಹಿರಿಯರೆಲ್ಲ ನೆನೆಯುತ್ತಿದ್ದರು. ಅದು ಯಾರ ಪಾಲಿಗೆ ಹೋಯಿತು ಎಂಬುದು ಮಾತ್ರ ಯಾರಿಗೂ ನೆನಪಿರಲಿಲ್ಲ.

ನನಗೆ ನೆನಪಿತ್ತು. ಚೀಟಿಯಲ್ಲಿ ಅದು ನಮ್ಮಪ್ಪನಿಗೆ ಬಂದಿತ್ತು. ಈಗಿಲ್ಲದ ಅಪ್ಪ ಆಗ ಶಾಲೆಯ ಮಾಸ್ತರರು. ದುರುಗಪ್ಪಜ್ಜ ಆಗ ಹರೆಯದವನು, ಈಗ ತೀರಿಹೋಗಿರುವ ಇನ್ನಿಬ್ಬರೊಂದಿಗೆ ಆ ಕಲ್ಲನ್ನು ಹೊತ್ತು ತಂದು ನಮ್ಮ ತಲೆಬಾಗಿಲ ಮೇಲೆ ತೊಲೆಯಾಗಿ ಇಟ್ಟ. ಒಂಬತ್ತು ವರ್ಷದ ನಾನು ಅಂಗಳದಲ್ಲಿ ನಿಂತು ನೋಡಿದ್ದೆ. ಅದರ ಮೇಲೆ ಗೋಡೆ, ಗೋಡೆಯ ಮೇಲೆ ಮಾಳಿಗೆ. ದಿನಕ್ಕೆ ಹತ್ತು ಸಲ ಅದರ ಕೆಳಗೆ ಹಾಯುತ್ತಿದ್ದೆ. ಬಾಳವ್ವ ಕಡತ ಓದಿಸಿಕೊಳ್ಳತೊಡಗಿದಾಗಿನಿಂದ ನಾನು ಹಾಯುವಾಗೆಲ್ಲ ತಲೆ ಎತ್ತಿ ನೋಡುವುದನ್ನು ರೂಢಿಸಿಕೊಂಡಿದ್ದೆ. ಅವ್ವ ಇದನ್ನು ಗಮನಿಸಿ, ಅಲ್ಲೇನು ಜೇನು ಕಟ್ಟಿದೆಯೇ ಎಂದು ಕೇಳಿದಳು. ಅವಳಿಗೂ ಗೊತ್ತಿತ್ತು. ದುರುಗಪ್ಪಜ್ಜನಿಗೂ ಗೊತ್ತಿತ್ತು. ಆದರೆ ಯಾರ ಗೋಡೆಯಲ್ಲಿ ಏನಿದೆ ಎಂದು ಹೊರಗೆ ಆಡದಿರುವುದು ಅವನ ಕಸುಬಿನ ಮರ್ಯಾದೆ.

ಗೊತ್ತಿಲ್ಲದವರ ಪಾಡು ಕಷ್ಟವಾಗಿತ್ತು. ಪ್ರತಿ ಮನೆಯವರಿಗೂ ಆ ಕಲ್ಲು ತಮ್ಮ ಗೋಡೆಯಲ್ಲೇ ಇದೆ ಎಂಬ ಅನುಮಾನ. ಮಕ್ಕಳನ್ನು ಅಂಗಳದಲ್ಲಿ ಮಲಗಿಸತೊಡಗಿದರು. ಒಂದು ಮದುವೆ ಮುರಿಯಿತು, ವರನ ಮನೆಯ ಗೋಡೆಯ ಬಗ್ಗೆ ಹೆಣ್ಣಿನ ಕಡೆಯವರಿಗೆ ಖಾತ್ರಿಯಿರಲಿಲ್ಲ. ಗುರುಪಾದಗೌಡರು ಈ ಭಯವನ್ನು ಕೈಹಿಡಿದು ನಡೆಸಿದರು. ಅವರ ಮನೆಗೇನೂ ಆಗುವಂತಿರಲಿಲ್ಲ, ಸಮುದ್ರ ಇನ್ನೂ ಬಂದಿರಲಿಲ್ಲ. ಆದರೆ ಕೂಲಿಗೆ ಬರುತ್ತಿದ್ದವಳು ಹೀಗೆ ಕೆಲಸ ಮಾಡುತ್ತ ಹೋದರೆ ಮುಂದೆ ಯಾರು ಯಾರ ಮಾತು ಕೇಳುತ್ತಾರೆ ಎಂಬ ಚಿಂತೆ ಅವರದು. ನೀರು ಬೇಡ ಎಂಬ ಅರ್ಜಿ ಬರೆಸಿ ಮನೆಮನೆಗೆ ಕಳಿಸಿದರು. ಮೇಲಿನ ಓಣಿಯ ಹೆಂಗಸರೂ ತಲೆಯ ಮೇಲಿನ ಕೊಡವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹೆಬ್ಬೆಟ್ಟು ಒತ್ತಿದರು. ಸೋಮವಾರ ಗ್ರಾಮಸಭೆ, ಅಲ್ಲಿ ಅರ್ಜಿಗೆ ಕೈ ಎತ್ತಿದರೆ ಪೈಪಿನ ಮಂಜೂರಾತಿ ವಾಪಸ್ಸು. ಶುಕ್ರವಾರ ಗೌಡರ ಆಳು ಬಂದು, ಈ ವಾರದ ಹಾಳೆಯಲ್ಲಿ ಜನಾಭಿಪ್ರಾಯ ಸರಿಯಾಗಿ ಬರಲಿ, ನಿಮ್ಮ ಗ್ರಂಥಾಲಯದ ಕೆಲಸದ ಆದೇಶ ಮುಂದಿನ ತಿಂಗಳು ನವೀಕರಣಕ್ಕಿದೆಯಂತೆ ಎಂದು ಹೇಳಿಹೋದ.

ಶನಿವಾರ ಮಧ್ಯಾಹ್ನ ಬಾಳವ್ವ ತಾನೇ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲಲ್ಲೇ ಕೂತಳು, ಸರಿಯಾಗಿ ಆ ಕಲ್ಲಿನ ಕೆಳಗೆ. ಅವ್ವ ಒಂದು ತಂಬಿಗೆ ನೀರು ತಂದುಕೊಟ್ಟಳು. ಬಾಳವ್ವ ಅರ್ಧ ಕುಡಿದು, ತಂಬಿಗೆಯನ್ನು ಕೆಳಗಿಡದೆ ತೊಡೆಯ ಮೇಲೆ ಹಿಡಿದುಕೊಂಡಳು.

“ಅಕ್ಕಾರ, ನೀವು ಓದಿದವ್ರು. ಎಲ್ಲಾರ ಮನಿ ಬೀಳೂದಿಲ್ಲ, ಒಂದ ಮನಿ ಬೀಳೂದು. ಅದು ಯಾರದು ಅಂತ ಗೊತ್ತಾದ್ರ ಸಾಕು, ಉಳದವ್ರು ನೀರ ಬ್ಯಾಡ ಅನ್ನೂದಿಲ್ಲ,” ಎಂದಳು.

ಆ ಒಂದು ಮನೆಯವರು ಒಪ್ಪದಿದ್ದರೆ ಎಂದು ನಾನು ಕೇಳಿದೆ.

“ಕಾಲು ಹಿಡಕೋತೀನಿ. ಒಪ್ಪಲಿಲ್ಲಂದ್ರ ಪೈಪು ಹಾಕೂದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಒಬ್ಬರ ಮನಿ ಕೆಡವಿ ನೀರು ಕುಡಿಯೂದು ಹ್ಯಾಂಗ್ರಿ?”

ನಾನು, ಈ ಬಗ್ಗೆ ಖಚಿತ ಮಾಹಿತಿ ಲಭ್ಯವಿಲ್ಲ ಎಂದೆ. ಬಾಯಿಂದಲೂ ಹಾಳೆಯ ಭಾಷೆಯೇ ಬಂತು. ಬಾಳವ್ವ ತಲೆಯಾಡಿಸಿ ಎದ್ದಳು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಚೆಲ್ಲದೆ ಅವ್ವನ ಕೈಗೆ ಕೊಟ್ಟು, ಗಿಡಕ್ಕೆ ಹಾಕಿರಿ ಎಂದು ಹೇಳಿ ಹೋದಳು.

ಅವ್ವ ತಂಬಿಗೆ ಹಿಡಿದು ಬಾಗಿಲವರೆಗೆ ಹೋದಳು. ಆಮೇಲೆ ನನ್ನ ಕಡೆ ತಿರುಗದೆಯೇ ಅಂದಳು: “ನಿಮ್ಮಪ್ಪ ಮಕ್ಕಳಿಗೆ ತಪ್ಪು ಬರದ್ರ ಹೊಡೀತಿದ್ದಿಲ್ಲ. ಏನೂ ಬರೀದ ಖಾಲಿ ಹಾಳಿ ಕೊಟ್ರ ಹೊಡೀತಿದ್ರು.”

ಮಾಳಿಗೆ ನಮ್ಮಿಬ್ಬರ ತಲೆಯ ಮೇಲಿರುವ ಏಕೈಕ ಸೂರು ಎಂದೆ. ಅದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವಳು ಗಿಡಕ್ಕೆ ನೀರು ಹಾಕಲು ಹೋದಳು.

ಸಂಜೆಯವರೆಗೆ ನಾನು ಏಳು ವಾಕ್ಯ ಬರೆದು ಹೊಡೆದುಹಾಕಿದೆ. ಮೊದಲನೆಯದು, ಕಲ್ಲು ಕೆಳಗಿನ ಓಣಿಯ ಮನೆಯೊಂದರಲ್ಲಿರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ ಎಂದಿತ್ತು. ಇದನ್ನು ಓದಿದರೆ ಕೆಳಗಿನ ಓಣಿಯವರೆಲ್ಲ ಸೋಮವಾರ ಎರಡೆರಡು ಕೈ ಎತ್ತುತ್ತಿದ್ದರು. ಒಂದೊಂದೇ ಪದ ತೆಗೆಯುತ್ತ ಹೋದೆ. ಅಂಗಿಯ ಮೇಲಂಗಿ ಬಿಚ್ಚಿದಂತಾಗುತ್ತಿತ್ತು. ಕೊನೆಗೆ ಉಳಿದದ್ದು ಎರಡೇ ಸಾಲು: ‘ಮೇಲಿನ ಓಣಿಯ ನೀರಿನ ಕಲ್ಲು ನಮ್ಮ ಮನೆಯ ತಲೆಬಾಗಿಲ ಮೇಲಿದೆ. ಅದನ್ನು ಇಟ್ಟಾಗ ನಾನು ನೋಡಿದ್ದೇನೆ.’ ಆ ವಾರ ಬೇರೆ ಸುದ್ದಿ ಹಾಕಲಿಲ್ಲ. ಹಾಳೆ ಬಹುಪಾಲು ಬೆಳ್ಳಗೇ ಇತ್ತು. ಝೆರಾಕ್ಸಿನವನು ಯಂತ್ರ ಕೆಟ್ಟಿದೆಯೇನೋ ಎಂದು ಎರಡು ಸಲ ತೆರೆದು ನೋಡಿದ.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಊರು ನಿಟ್ಟುಸಿರು ಬಿಟ್ಟದ್ದು ನಮ್ಮ ಮನೆಯವರೆಗೆ ಕೇಳಿಸಿತು. ಹನ್ನೊಂದಕ್ಕೆ ಎಲ್ಲರೂ ನೀರಿನ ಪರವಾಗಿದ್ದರು. ಹೆಬ್ಬೆಟ್ಟು ಒತ್ತಿದವರು ತಮ್ಮ ಹೆಬ್ಬೆರಳು ಯಾರದೋ ಒತ್ತಡದಲ್ಲಿತ್ತು ಎಂದರು. ಮುರಿದ ಮದುವೆ ಕೂಡಿತು. ಜನ ಹಿಂಡುಹಿಂಡಾಗಿ ನಮ್ಮ ಬಾಗಿಲು ನೋಡಲು ಬಂದು, ತೊಲೆಗಲ್ಲನ್ನು ಹೊಗಳಿ, ಅಂಗಳದಿಂದಲೇ ತಿರುಗಿದರು. ಒಳಗೆ ಬರುವ ಧೈರ್ಯ ಮಾಡಿದವನು ಮಾಬುಸಾಬ ಒಬ್ಬನೇ. “ಅಕ್ಕಾರ, ಈ ವಾರ ಒಮ್ಮೆ ಓದಿದ್ಕ ತಿಳೀತ್ರಿ,” ಎಂದ. ಚಹಾದ ಕೆಟಲಿ ತಂದಿದ್ದ.

ಸೋಮವಾರದ ಗ್ರಾಮಸಭೆಯಲ್ಲಿ ಗುರುಪಾದಗೌಡರು ಮೊದಲು ಕಟ್ಟೆ ಹತ್ತಿದರು. ಮೇಲಿನ ಓಣಿಯ ನೀರು ತಮ್ಮ ಹರೆಯದ ಕನಸು ಎಂದರು. ಅದು ಸುಳ್ಳಲ್ಲ, ಕನಸಾಗಿಯೇ ಇಟ್ಟಿದ್ದರು. ಆಮೇಲೆ ನನ್ನ ಕಡೆ ಕೈ ತೋರಿಸಿ, ಊರಿಗಾಗಿ ಸೂರು ಕೊಟ್ಟ ಈ ಹೆಣ್ಣುಮಗಳಿಗೆ ಹೊಸ ಮನೆ ಕಟ್ಟಿಸಿಕೊಡುತ್ತೇನೆ ಎಂದು ಘೋಷಿಸಿದರು. ಅವರು ಹೇಳಿದ ಮೇಲೆ ಉಳಿದವರು ಬಿಡುತ್ತಾರೆಯೇ? ಒಬ್ಬರು ನಾಲ್ಕು ಗೋಡೆ ಕೊಡುತ್ತೇನೆಂದರು, ಒಬ್ಬರು ಮಾಳಿಗೆ, ಒಬ್ಬರು ಮೂರು ಕಿಟಕಿ, ಇನ್ನೊಬ್ಬರು ಹಿತ್ತಿಲ ಬಾಗಿಲು. ಹನ್ನೊಂದು ಜನ ಹತ್ತಿ ಇಳಿದರು. ದುರುಗಪ್ಪಜ್ಜ ಕೆಳಗಿನಿಂದ ಎಲ್ಲರಿಗೂ ಉದ್ದಳತೆ ಕೇಳಿ ಕೇಳಿ ದಣಿದ. ಬಾಳವ್ವ ಮಾತ್ರ ಕಟ್ಟೆ ಹತ್ತಲಿಲ್ಲ. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, ಕಾಲು ಹಿಡಿಯಲು ಬಗ್ಗಿದಳು. ನಾನು ಹಿಂದೆ ಸರಿದೆ.

ಮಂಗಳವಾರ ಬೆಳಿಗ್ಗೆ ಕಟ್ಟೆಯ ಬುಡದಲ್ಲಿ ಕಲ್ಲಿನ ರಾಶಿ. ಅಷ್ಟು ಒಳ್ಳೆಯ ಕಲ್ಲು ಊರಿನಲ್ಲಿ ಎಂದೂ ಬಿದ್ದಿರಲಿಲ್ಲ ಎಂದು ಎಲ್ಲರೂ ಹೇಳಿದರು. ಚೀಟಿ ಎತ್ತದೆ ಪೂರ್ತಿ ನನಗೇ ಎಂದು ತೀರ್ಮಾನವಾಯಿತು. ಗೌಡರು ಟ್ರ್ಯಾಕ್ಟರ್ ಕೊಟ್ಟರು. ಅಂಗಳದಲ್ಲಿ ಕಲ್ಲು ಪೇರಿಸಿದ ಮೇಲೆ ಅವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಗ್ರಂಥಾಲಯದ ಆದೇಶ ನವೀಕರಣವಾಯಿತು.

ಮೂರು ತಿಂಗಳಿಗೆ ಪೈಪು ಮೇಲಿನ ಓಣಿ ತಲುಪಿತು. ಆನಿಕೆ ಕೊಟ್ಟರೂ ಹಳೆಯ ಗೋಡೆ ತಡೆಯದು ಎಂದು ದುರುಗಪ್ಪಜ್ಜ ಹೇಳಿದ್ದರಿಂದ, ಹಿಂದಿನ ದಿನವೇ ನಾವು ಸಾಮಾನುಗಳನ್ನು ಗ್ರಂಥಾಲಯಕ್ಕೆ ಸಾಗಿಸಿದ್ದೆವು. ನಲ್ಲಿ ಬಿಡುವ ಹೊತ್ತಿಗೆ ಊರಿನ ಅರ್ಧ ಜನ ನಲ್ಲಿಯ ಹತ್ತಿರ ಇರಬೇಕಿತ್ತು. ಅವರೆಲ್ಲ ನಮ್ಮ ಮನೆಯ ಮುಂದೆ ಇದ್ದರು. ಮಾಬುಸಾಬ ಅಲ್ಲೇ ಒಲೆ ಹೂಡಿದ್ದ. ಮೇಲಿನ ಓಣಿಯಿಂದ ಕೂಗು ಕೇಳಿತು, ಹೆಂಗಸರ ಕೂಗು. ಬಾಗಿಲ ಮೇಲೆ ಒಂದು ಕ್ಷಣ ಆಕಾಶ ಕಂಡಿತು, ಚೌಕಟ್ಟಿನಷ್ಟೇ ಅಗಲದ್ದು, ತುಂಬ ನೀಲಿ. ಆಮೇಲೆ ಗೋಡೆ ಕೂತಿತು, ಗೋಡೆಯ ಹಿಂದೆ ಮಾಳಿಗೆ. ಧೂಳು ಇಳಿಯುವ ಮೊದಲೇ ಜನ ಹೇಗಿತ್ತು ಹೇಗಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದ್ದರು. ಅವ್ವ ಅಳಲಿಲ್ಲ. ಧೂಳಿನಲ್ಲಿ ಕಣ್ಣು ಕಿರಿದು ಮಾಡಿ, ಜೇನು ಹೋಯಿತು ನೋಡು ಎಂದಳು.

ಮರುದಿನ ದುರುಗಪ್ಪಜ್ಜ ಗೋಡೆಯ ನೇರ ನೋಡುವ ನೂಲುಗುಂಡು ಹಿಡಿದು ಬಂದ. ಅಂಗಳದ ಹೊಸ ಕಲ್ಲುಗಳನ್ನು ಸುತ್ತಿ ನೋಡಿದ, ಒಂದೊಂದನ್ನೂ ತಟ್ಟಿದ. ಆಮೇಲೆ ಅವುಗಳ ಮೇಲೇ ಕೂತು ನಗತೊಡಗಿದ. ಅವನು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

“ಇವು ಯಾವ ಮಾತಿನ ಕಲ್ಲವ್ವ? ಮನಿ ಕಟ್ಟಸ್ತೀವಿ ಅಂದ ಮಾತಿನ ಕಲ್ಲು. ಮನಿ ಕಟ್ಟಿ ಮುಗಿಸಿದೆ ಅನ್ನು. ಮಾತು ನಡೀತು. ಕಲ್ಲು ಎಲ್ಲಿರತಾವು?”

ಇಷ್ಟೂ ದಿನ ಪ್ರತಿಯೊಬ್ಬರ ಮಾತಿನ ಹಿಂದೇನಿದೆ ಎಂದು ಹೊಂಚುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಗೌಡರಿಗೆ ಹೊಳೆದಿತ್ತೇ? ಆರೋಪ ಮಾಡಲು ನನ್ನಲ್ಲಿ ಆಧಾರವಿಲ್ಲ. ಹಾಗಾದರೆ ಏನು ಮಾಡುವುದು ಎಂದು ಕೇಳಿದೆ. ಅಜ್ಜ ನೂಲುಗುಂಡಿನ ದಾರವನ್ನು ಬೆರಳಿಗೆ ಸುತ್ತುತ್ತ ಯೋಚಿಸಿದ.

“ಕಟ್ಟೂಣು. ಮುಗಸೂದು ಬ್ಯಾಡ,” ಎಂದ.

ಹಾಗೆಯೇ ಕಟ್ಟಿದ. ನಾಲ್ಕು ಗೋಡೆ ಎದ್ದವು, ಮಾಳಿಗೆ ಬಂತು, ತಲೆಬಾಗಿಲಿಗೆ ತೊಲೆಗಲ್ಲು ಏರಿತು. ಪಡುವಣ ಗೋಡೆಯನ್ನು ಪೂರ್ತಿ ಮಾಡದೆ ನಡುವೆ ಕಿಟಕಿಯ ಜಾಗ ಖಾಲಿ ಬಿಟ್ಟ, ಹಿತ್ತಿಲಿಗೆ ಬಾಗಿಲು ಇಡಲಿಲ್ಲ, ಮಾಳಿಗೆಯ ಒಂದು ಮೂಲೆಯಲ್ಲಿ ಕೈಯಗಲ ಬೆಳಕು ಬಿಟ್ಟ. ಯಾವ ಮಾತೂ ಪೂರ್ತಿ ನಡೆದಿಲ್ಲ ಎಂಬುದನ್ನು ಎರಡು ಸಲ ಸುತ್ತಿ ಖಾತ್ರಿ ಮಾಡಿಕೊಂಡೇ ಅವನು ಹೋದದ್ದು. ಮಳೆ ಬಂದರೆ ಆ ಮೂಲೆಗೆ ಪಾತ್ರೆ ಇಡುತ್ತೇವೆ. ಗಾಳಿ ಬಂದರೆ ಪಡುವಣ ಗೋಡೆಗೆ ಗೋಣಿ ಇಳಿಬಿಡುತ್ತೇವೆ.

ತೊಂದರೆ ಬಾಳವ್ವನದು. ಅರ್ಧಕ್ಕೆ ನಿಂತ ಕೆಲಸವನ್ನು ಅವಳಿಂದ ನೋಡಲಾಗುವುದಿಲ್ಲ. ಕಳೆದ ವಾರ ತಾಲ್ಲೂಕಿನಿಂದ ಬರುವಾಗ ಒಂದು ಕಿಟಕಿ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ತಂದಳು, ತನ್ನ ಗೌರವಧನದಲ್ಲಿ ಮಾಡಿಸಿದ್ದಂತೆ. ನೇರ ಪಡುವಣ ಗೋಡೆಯ ಕಡೆಗೆ ನಡೆದಳು. ಅವ್ವ ಮತ್ತು ನಾನು ಇಬ್ಬರೂ ಓಡಿಹೋಗಿ ಅಡ್ಡ ನಿಂತೆವು. ಅರ್ಧ ಗಂಟೆ ವಿವರಿಸಬೇಕಾಯಿತು. ಎಲ್ಲ ಕೇಳಿಸಿಕೊಂಡು ಅವಳು ಚೌಕಟ್ಟನ್ನು ಗೋಡೆಗೆ ಒರಗಿಸಿಟ್ಟಳು. ಹೊಸ್ತಿಲಲ್ಲಿ ಕೂತು ಒಂದು ತಂಬಿಗೆ ನೀರು ಕೇಳಿ ಪೂರ್ತಿ ಕುಡಿದಳು, ಇನ್ನೊಂದು ತಂಬಿಗೆ ಇಸಿದುಕೊಂಡು ಮುಖ ತೊಳೆದುಕೊಂಡಳು. ಹೋಗುವಾಗ ಆ ಖಾಲಿ ಜಾಗವನ್ನು ಮತ್ತೆ ಮತ್ತೆ ತಿರುಗಿ ನೋಡಿದಳು. ನಾನು ಅವಳು ಓಣಿ ತಿರುಗುವವರೆಗೆ ಕಾವಲು ನಿಂತಿದ್ದೆ.

ಈ ಭಾನುವಾರದ ಹಾಳೆಯಲ್ಲಿ ಮನೆಯ ಸುದ್ದಿ ಹಾಕಬೇಕಾಯಿತು, ಊರಿನವರು ಕೇಳುತ್ತಿದ್ದರು. ಬರೆದದ್ದನ್ನು ಝೆರಾಕ್ಸಿಗೆ ಒಯ್ಯುವ ಮೊದಲು ಅವ್ವನಿಗೆ ಕೊಟ್ಟೆ. ಅವಳು ಕಿಟಕಿಯಿಲ್ಲದ ಕಿಟಕಿಯ ಬೆಳಕಿಗೆ ಹಾಳೆ ಹಿಡಿದು, ಅಕ್ಷರಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: ಕಾಮಗಾರಿ ಪ್ರಗತಿಯಲ್ಲಿದೆ.

“ಈ ಮಾತು ನೀ ಖರೆ ಬರದದ್ದು ಇದ ಮೊದಲ,” ಎಂದು ಹಾಳೆ ಮಡಚಿ ನನ್ನ ಕೈಗಿಟ್ಟಳು.